ಎಂಬ್ರಿಯಾಲಜಿ ಓದುವವರು ಮೊದಲು ನಾಟಿ ಮೊಟ್ಟೆ ತನ್ನಿ

ಬಿ.ಎಸ್ಸಿ. ಝುವಾಲಜಿಯಲ್ಲಿ ಎಂಬ್ರಿಯಾಲಜಿ (ಭ್ರೂಣದ ಬೆಳವಣಿಗೆಯ ಪಾಠ) ಬಂದ ಕೂಡಲೇ ಹುಡುಗರು ನೋಟ್ಸ್ ಉರುಹೊಡೆಯಲು ಕೂರುತ್ತಾರೆ. ನಾನು ನನ್ನ ಕ್ಲಾಸಿನಲ್ಲಿ ಮೊದಲು ಮೊಟ್ಟೆ ತರಿಸುತ್ತೇನೆ. ಅಂಗಡಿಯ ಫಾರಂ ಮೊಟ್ಟೆ ಸುಮ್ನೆ ದಂಡ, ಅದರಲ್ಲಿ ಭ್ರೂಣ ಬೆಳೆಯುವುದಿಲ್ಲ. ಹುಂಜ ಇರುವ ಮನೆಯದೇ ಆಗಬೇಕು.

ಇನ್‌ಕ್ಯುಬೇಟರ್ ಸುಮಾರು 38 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ, ಒಳಗೊಂದು ಬಟ್ಟಲು ನೀರಿಡಿ. ಮೊಟ್ಟೆಯನ್ನು ಅಡ್ಡ ಮಲಗಿಸಿ. 72 ಗಂಟೆಯಾದ ಮೇಲೆ ಉಗುರುಬೆಚ್ಚಗಿನ ಸಲೈನ್ (ಉಪ್ಪುನೀರು) ಇರುವ ಬಟ್ಟಲಿಗೆ ಮೆಲ್ಲಗೆ ಒಡೆದು ಹಾಕಿ. ಹಳದಿಯ ಮೇಲೆ ಕೆಂಪು ರಕ್ತನಾಳಗಳ ಬಲೆ, ನಡುವೆ ಪುಟಪುಟನೆ ಬಡಿಯುವ ಹೃದಯ ಬರಿಗಣ್ಣಿಗೇ ಕಾಣುತ್ತದೆ. ಇದನ್ನು ಒಮ್ಮೆ ನೋಡಿದವರಿಗೆ ಚಿತ್ರ ಬರೆಯುವುದು ಕಷ್ಟವಲ್ಲ.

ಆಮೇಲೆ ಕಾಲೇಜಿನ ಕೋಳಿಭ್ರೂಣದ ಸ್ಲೈಡ್‌ಗಳು. ಲೇಬಲ್ ಮುಚ್ಚಿ ಸೊಮೈಟ್ (ಭ್ರೂಣದ ಬೆನ್ನುದ್ದಕ್ಕೂ ಜೋಡಿಜೋಡಿಯಾಗಿ ಕಾಣುವ ಗಂಟುಗಳು) ಎಣಿಸಿ. 33 ಗಂಟೆಯದಾದರೆ 12-13 ಜೋಡಿ ಸಿಗಬೇಕು. ಗಂಟೆಗಿಂತ ಈ ಎಣಿಕೆಯನ್ನೇ ಜಾಸ್ತಿ ನಂಬಿ, ಬಿಸಿ ಹೆಚ್ಚುಕಮ್ಮಿಯಾದರೆ ಬೆಳವಣಿಗೆಯ ವೇಗವೂ ಬದಲಾಗುತ್ತದೆ. ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ 1951ರಲ್ಲಿ ಕೋಳಿಭ್ರೂಣದ 46 ಹಂತಗಳನ್ನು ಗಂಟೆಯಿಂದಲ್ಲ, ರೂಪ ನೋಡಿ ಗುರುತಿಸಿದರು.

ಗ್ಯಾಸ್ಟ್ರುಲೇಶನ್‌ಗೆ (ಭ್ರೂಣದಲ್ಲಿ ಮೂರು ಪದರ ಮೂಡುವ ಹಂತ) ಬಣ್ಣದ ಪೆನ್ಸಿಲ್ ಬೇಕೇ ಬೇಕು: ಹೊರಪದರ ಎಕ್ಟೋಡರ್ಮ್ ನೀಲಿ, ನಡುಪದರ ಮೀಸೋಡರ್ಮ್ ಕೆಂಪು, ಒಳಪದರ ಎಂಡೋಡರ್ಮ್ ಹಳದಿ. ಎಲ್ಲ ಚಿತ್ರಕ್ಕೂ ಇದೇ.

ಪ್ರಯೋಗಗಳನ್ನು ಓದುವಾಗ 'ಅದು ಹೇಗೆ ಗೊತ್ತಾಯಿತು?' ಎಂದು ಕೇಳಿಕೊಳ್ಳಿ. 1924ರ ಸ್ಪೀಮನ್–ಮ್ಯಾಂಗೋಲ್ಡ್ ಪ್ರಯೋಗದಲ್ಲಿ ಒಂದು ಭ್ರೂಣದ ತುಂಡನ್ನು ಇನ್ನೊಂದು ಭ್ರೂಣಕ್ಕೆ ಕಸಿ ಮಾಡಿದರು. ಅದಕ್ಕೆ ಬೇರೆ ಬೇರೆ ಬಣ್ಣದ ಎರಡು ಜಾತಿಯ ನ್ಯೂಟ್ (ಬಾಲವಿರುವ ಉಭಯಚರ) ಯಾಕೆ ಬಳಸಿದರು? ಕಸಿ ಮಾಡಿದ ತುಂಡು ಯಾವುದು, ಆತಿಥೇಯ ಭ್ರೂಣದ್ದು ಯಾವುದು ಅಂತ ಗುರುತಿಸಬೇಕಲ್ವಾ! ಪರೀಕ್ಷೆಯಲ್ಲಿ ಈ ಸಾಲು ಬರೆಯುವವರು ಕಡಿಮೆ.