ಇನ್ವರ್ಟರ್ ಸೆಟ್ಟಿಂಗ್‌ಗಳ ಬೆನ್ನು ಹತ್ತಿ: ನನ್ನ ಅನುಭವ

ಸೋಲಾರ್ ಮತ್ತು ಗಾಳಿ ವಿದ್ಯುತ್ತಿಗೆ ಗ್ರಿಡ್ ಸಜ್ಜಾಗಬೇಕು ಅಂದ ಕೂಡಲೇ ಎಲ್ಲರೂ ಹೊಸ ಲೈನ್, ಹೊಸ ಸಬ್‌ಸ್ಟೇಷನ್, ಬ್ಯಾಟರಿ ಅಂತಾರೆ. ಅವೆಲ್ಲ ಬೇಕೇ ಬೇಕು. ಆದರೆ ನನ್ನ ಕೆಲಸದ ಹೆಚ್ಚಿನ ಹೊತ್ತು ಕಳೆದದ್ದು ಇನ್ವರ್ಟರ್ (ಸೋಲಾರ್ ಪ್ಯಾನೆಲ್‌ನ ಡಿಸಿ ವಿದ್ಯುತ್ತನ್ನು ಗ್ರಿಡ್ಡಿಗೆ ಹೊಂದುವ ಎಸಿಯಾಗಿ ಬದಲಿಸುವ ಯಂತ್ರ) ಒಳಗಿನ ಸೆಟ್ಟಿಂಗ್‌ಗಳ ಜೊತೆ. ಲೈನ್ ಎಳೆಯಲು ವರ್ಷಗಳು ಹಿಡಿಯುತ್ತವೆ. ಸೆಟ್ಟಿಂಗ್ ಬದಲಿಸಲು ಅಷ್ಟು ಕಾಯಬೇಕಿಲ್ಲ. ಆದರೂ ಅದನ್ನು ಕೇಳುವವರೇ ಕಡಿಮೆ.

ಕಲ್ಲಿದ್ದಲು ಅಥವಾ ಜಲವಿದ್ಯುತ್ ಘಟಕದಲ್ಲಿ ಟನ್‌ಗಟ್ಟಲೆ ಭಾರದ ರೋಟರ್ ತಿರುಗುತ್ತಿರುತ್ತದೆ. ಫಾಲ್ಟ್, ಅಂದರೆ ಲೈನಿನಲ್ಲಿ ಶಾರ್ಟ್ ಸರ್ಕ್ಯೂಟಿನಂಥ ದೋಷ, ಆದಾಗ ಆ ಭಾರವೇ ಗ್ರಿಡ್ಡನ್ನು ಒಂದಷ್ಟು ಹಿಡಿದಿಡುತ್ತದೆ. ಇನ್ವರ್ಟರ್‌ಗೆ ಅಂಥ ಭಾರವಿಲ್ಲ. ವೋಲ್ಟೇಜ್ ಕುಸಿದರೆ ತಡೆದುಕೊಳ್ಳಬೇಕೋ, ಕೈ ಬಿಡಬೇಕೋ ಎಂಬುದನ್ನು ಅದರ ಸಾಫ್ಟ್‌ವೇರ್ ತೀರ್ಮಾನಿಸುತ್ತದೆ.

ಈ ತೀರ್ಮಾನ ತಪ್ಪಿದರೆ ಏನಾಗುತ್ತದೆ ಎಂಬುದು 2016ರಲ್ಲಿ ಎರಡು ಕಡೆ ಕಂಡಿತು. ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿನಿಂದ ಲೈನ್‌ಗಳಲ್ಲಿ ಫಾಲ್ಟ್ ಆಗಿ, ಒಂದೇ ಹೊಡೆತಕ್ಕೆ ಸುಮಾರು 1,200 ಮೆಗಾವ್ಯಾಟ್ ಸೋಲಾರ್ ಹೋಯಿತು. ಗ್ರಿಡ್ಡಿನ ಫ್ರೀಕ್ವೆನ್ಸಿ (ವಿದ್ಯುತ್ತಿನ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ) ಅಷ್ಟೇನೂ ಇಳಿದಿರಲಿಲ್ಲ. ಫಾಲ್ಟ್‌ನಿಂದ ಅಲೆಯ ಆಕಾರ ಕೆಟ್ಟಿತ್ತು. ಅದನ್ನೇ ಫ್ರೀಕ್ವೆನ್ಸಿ ಕುಸಿತ ಎಂದು ಲೆಕ್ಕ ಹಾಕಿ ಅನೇಕ ಇನ್ವರ್ಟರ್‌ಗಳು ತಕ್ಷಣ ಟ್ರಿಪ್ ಆದವು. ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾ ಪೂರ್ತಿ ಕತ್ತಲಾಯಿತು. ಬಿರುಗಾಳಿಗೆ ಟವರ್‌ಗಳು ಬಿದ್ದು ವೋಲ್ಟೇಜ್ ಮತ್ತೆ ಮತ್ತೆ ಕುಸಿದಿತ್ತು. ಇಂಥ ಕುಸಿತವನ್ನು ಇಷ್ಟು ಸಲ ಮಾತ್ರ ತಡೆದುಕೊಳ್ಳಬೇಕು ಎಂಬ ಮಿತಿ ಹಲವು ಗಾಳಿ ಟರ್ಬೈನ್‌ಗಳಲ್ಲಿತ್ತು. ಆ ಮಿತಿ ದಾಟಿದಾಗ ಅವು ವಿದ್ಯುತ್ ಕೊಡುವುದನ್ನು ಕಡಿಮೆ ಮಾಡಿದವು. ಅಂಥ ಮಿತಿಯೊಂದು ಇದೆ ಎಂಬುದೇ ಗ್ರಿಡ್ ನಡೆಸುವವರಿಗೆ ಗೊತ್ತಿರಲಿಲ್ಲ.

ಹಾಗಾಗಿ ನಾನು ಸ್ಥಾವರಗಳಿಗೆ ಹೋದಾಗ ತಯಾರಕರ ಕೈಪಿಡಿ ನೋಡಿ ಸುಮ್ಮನಾಗಲಿಲ್ಲ. ಲ್ಯಾಪ್‌ಟಾಪ್ ಜೋಡಿಸಿ, ಒಂದೊಂದು ಇನ್ವರ್ಟರ್‌ನಿಂದಲೂ ಸೆಟ್ಟಿಂಗ್ ಫೈಲ್ ಇಳಿಸಿಕೊಂಡು, ಸ್ಥಾವರದವರು ನಮಗೆ ಬರೆದು ಕೊಟ್ಟಿದ್ದ ಸೆಟ್ಟಿಂಗ್ ಕಾಗದದ ಜೊತೆ ಸಾಲು ಸಾಲಾಗಿ ತಾಳೆ ನೋಡಿದೆ. ಒಂದು ಕಡೆ ಒಂದೇ ಮಾಡೆಲ್‌ನ ಇನ್ವರ್ಟರ್‌ಗಳು, ಒಂದೇ ಸಾಲು, ಆದರೂ ಕೆಲವುಗಳಲ್ಲಿ ಅಂಕಿ ಬೇರೆ. ಕೆಟ್ಟ ಕಂಟ್ರೋಲ್ ಬೋರ್ಡ್ ತೆಗೆದು ಹೊಸದು ಹಾಕಿದ್ದರು. ಅದು ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲೇ ಓಡುತ್ತಿತ್ತು. ಬಿಸಿಲಿದ್ದಾಗ ವಿದ್ಯುತ್ ಸರಿಯಾಗೇ ಬರುತ್ತಿತ್ತು, ಯಾರಿಗೆ ಅನುಮಾನ ಬರುತ್ತೆ ಅಲ್ವಾ?

ಇನ್ನೊಂದು ಸ್ಥಾವರದ ಡಿಸ್ಟರ್ಬೆನ್ಸ್ ರೆಕಾರ್ಡರ್ (ಫಾಲ್ಟ್ ಹೊತ್ತಿನ ವೋಲ್ಟೇಜ್, ಕರೆಂಟ್ ದಾಖಲಿಸುವ ಯಂತ್ರ) ಫೈಲ್ ಚೆನ್ನಾಗಿ ನೆನಪಿದೆ. ಸಿಡಿಲಿನಿಂದ ಒಂದು ಫೇಸ್‌ನ ವೋಲ್ಟೇಜ್ ನೆಲ ಕಚ್ಚಿತ್ತು. ಐದಾರು ಸೈಕಲ್ ಒಳಗೆ, ಅಂದರೆ 50 ಹರ್ಟ್ಸ್‌ನಲ್ಲಿ 100ರಿಂದ 120 ಮಿಲಿಸೆಕೆಂಡಿಗೆ, ಬ್ರೇಕರ್ ತೆರೆದು ಫಾಲ್ಟ್ ಕಳೆಯಿತು. ವೋಲ್ಟೇಜ್ ನೆಟ್ಟಗೆ ನಿಂತಿತು. ಆದರೆ ಕರೆಂಟಿನ ಗೆರೆ ಸೊನ್ನೆಗೆ ಬಿದ್ದದ್ದು ಮೇಲೇಳಲು ಎಷ್ಟೋ ಸೆಕೆಂಡ್ ತೆಗೆದುಕೊಂಡಿತು. ಸ್ಥಾವರ ಟ್ರಿಪ್ ಆಗಿರಲಿಲ್ಲ, ಹಾಗಾಗಿ ಯಾವ ದೂರೂ ಇರಲಿಲ್ಲ. ಗ್ರಿಡ್ಡಿಗೆ ಮಾತ್ರ ಅಷ್ಟು ಹೊತ್ತು ಆ ವಿದ್ಯುತ್ ಸಿಕ್ಕಿರಲಿಲ್ಲ. ಬೆಳಿಗ್ಗೆ ನಿಧಾನವಾಗಿ ಶುರುವಾಗಲು ಇಟ್ಟಿದ್ದ, ವಿದ್ಯುತ್ತನ್ನು ಮೆಲ್ಲಮೆಲ್ಲಗೆ ಏರಿಸುವ ರ‍್ಯಾಂಪ್ ಫಾಲ್ಟ್ ಆದ ಮೇಲೂ ಜಾರಿಯಾಗುತ್ತಿತ್ತು. ಎರಡನ್ನೂ ಬೇರೆ ಮಾಡಿಸಿದೆವು.

ಎಲ್ಲ ಕಡೆ ಬೇಗ ಏಳುವಂತೆ ಮಾಡಿದರೆ ಆಯಿತಲ್ಲ ಎಂದು ಕೇಳುತ್ತಾರೆ. ಆಗೋದಿಲ್ಲ. ದೊಡ್ಡ ಜನರೇಟರ್‌ಗಳಿಂದ ದೂರ, ಉದ್ದದ ಲೈನಿನ ತುದಿಯಲ್ಲಿರುವ ಸ್ಥಾವರದಲ್ಲಿ ಗ್ರಿಡ್ ದುರ್ಬಲ. ಅಲ್ಲಿ ಇನ್ವರ್ಟರ್ ಒಮ್ಮೆಗೇ ಪೂರ್ತಿ ಕರೆಂಟ್ ತಳ್ಳಿದರೆ ವೋಲ್ಟೇಜ್ ಹೊಯ್ದಾಡುತ್ತದೆ. ಅಂಥ ಕಡೆ ಕಂಪ್ಯೂಟರ್ ಮಾಡೆಲ್‌ನಲ್ಲಿ ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಓಡಿಸಿ ನೋಡಿದ ಮೇಲೇ ಅಂಕಿ ಮುಟ್ಟುತ್ತೇವೆ. ಸೆಟ್ಟಿಂಗ್‌ನಿಂದ ಆಗದಿದ್ದರೆ ಸಿಂಕ್ರೊನಸ್ ಕಂಡೆನ್ಸರ್ ಬೇಕು, ಅಂದರೆ ಇಂಧನ ಉರಿಸದೆ ಗ್ರಿಡ್ಡಿನ ಜೊತೆ ತಿರುಗುತ್ತಾ ವೋಲ್ಟೇಜಿಗೆ ಆಸರೆ ಕೊಡುವ ಭಾರದ ಯಂತ್ರ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಅಂಥ ನಾಲ್ಕನ್ನು ಕೂರಿಸಿದ್ದಾರೆ.

ಈಗ ಬೋರ್ಡ್ ಬದಲಾದರೂ, ಫರ್ಮ್‌ವೇರ್ ಅಪ್‌ಡೇಟ್ ಆದರೂ ಸೆಟ್ಟಿಂಗ್ ಫೈಲ್ ಮತ್ತೆ ನಮಗೆ ಬರಲೇಬೇಕು ಎಂದು ಒತ್ತಾಯಿಸುತ್ತೇನೆ. ಕಾಗದದಲ್ಲಿ ಬರೆದು ಕಳಿಸಿದರೆ ಒಪ್ಪುವುದಿಲ್ಲ. ಇನ್ವರ್ಟರ್‌ನಿಂದಲೇ ಇಳಿಸಿದ ಫೈಲ್ ಬೇಕು.