ಆಮ್‌ಸ್ಟರ್‌ಡ್ಯಾಮಿನಿಂದ ವೆನಿಸ್‌ವರೆಗೆ ನಾಲ್ಕು ರೈಲು, ಟಿಕೆಟ್ ಮಾಡಿದ್ದು ಬನಶಂಕರಿಯಲ್ಲಿ ಕೂತು

“ಪಾಸ್ ತಗೊಂಡುಬಿಡಿ, ಸುಮ್ಮನೆ ಯಾಕೆ ತಲೆನೋವು” ಅಂದವರಲ್ಲಿ ಮೊದಲನೆಯವರು ನಮ್ಮ ಭಾವ. ಎರಡನೆಯವರು ಅವರೇ ತೋರಿಸಿದ ಟ್ರಾವೆಲ್ ಏಜೆಂಟ್. ನಮ್ಮ ದಾರಿ ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ, ವೆನಿಸ್. ಮೂರು ದೊಡ್ಡವರು, ಒಂಬತ್ತು ವರ್ಷದ ಮಗಳು, ಯುರೋಪಿನ ಹಲವು ದೇಶಗಳ ರೈಲಿಗೆ ಒಂದೇ ಟಿಕೆಟ್ ಆಗುವ ನಾಲ್ಕು ದಿನದ ಯೂರೈಲ್ ಪಾಸ್, ಅದರ ಮೇಲೆ ಸೀಟಿನ ದುಡ್ಡು, ಅದರ ಮೇಲೆ ಅವರ ಸರ್ವಿಸ್ ಚಾರ್ಜು, ಎಲ್ಲ ಕೂಡಿಸಿ ಒಂದು ಲಕ್ಷದ ಮೇಲೆ ಐದೋ ಆರೋ ಸಾವಿರ ಹೇಳಿದರು. ನನಗೆ ಕೊನೆಗೆ ಬಿದ್ದದ್ದು 53 ಸಾವಿರದ ಆಸುಪಾಸು. ಪೈಸೆ ಪೈಸೆ ಲೆಕ್ಕ ಇಟ್ಟಿಲ್ಲ, ಸಾವಿರ ಆಚೀಚೆ ಇರಬಹುದು.

ಇದು ಮೊದಲ ಸಲಕ್ಕೇ ಕೂಡಿಬಂದದ್ದಲ್ಲ. 2023ರಲ್ಲಿ ಮ್ಯೂನಿಕ್–ವೆನಿಸ್ ಟಿಕೆಟ್ ಮಾಡಿ ಚೆನ್ನಾಗಿ ಪೆಟ್ಟು ತಿಂದಿದ್ದೆ. ಜರ್ಮನ್ ರೈಲ್ವೆಯವರ ಅತಿ ಅಗ್ಗದ ಟಿಕೆಟ್ ಸೂಪರ್ ಸ್ಪಾರ್‌ಪ್ರೈಸ್ ಕಂಡ ಕೂಡಲೇ ಬಾಯಲ್ಲಿ ನೀರೂರಿ, ವೀಸಾ ಅಪಾಯಿಂಟ್‌ಮೆಂಟ್ ಕೂಡ ಸಿಗುವ ಮುಂಚೆ ದುಡ್ಡು ಕಟ್ಟಿಬಿಟ್ಟೆ. ಪಾಸ್‌ಪೋರ್ಟ್ ಕೈಗೆ ಬಂದಾಗ ಆ ರೈಲು ಹೊರಟು ನಾಲ್ಕು ದಿನ ಆಗಿತ್ತು. ಸೂಪರ್ ಸ್ಪಾರ್‌ಪ್ರೈಸ್‌ಗೆ ರೀಫಂಡ್ ಅನ್ನೋದೇ ಇಲ್ಲ. 15 ಸಾವಿರ ಚಿಲ್ಲರೆ ಹೋಯಿತು. ನನ್ನದೇ ಆತುರ, ಬೇರೆ ಯಾರನ್ನೂ ಬೈಯುವ ಹಾಗಿಲ್ಲ. ಬೈಯುವ ಕೆಲಸವನ್ನು ಮನೆಯವಳು ಮುಗಿಸಿದಳು.

ಆಗ ನಾನು ಹುಡುಕುತ್ತಿದ್ದದ್ದು ಯುರೋಪಿನ ಐಆರ್‌ಸಿಟಿಸಿಯನ್ನು. ಒಂದೇ ಕಡೆ ಎಲ್ಲ ಸಿಗಬೇಕು ಅಂತ ಒಂದು ಮಧ್ಯವರ್ತಿ ತಾಣದಲ್ಲಿ ಪೂರ್ತಿ ಪ್ರಯಾಣ ಹಾಕಿ ನೋಡಿದ್ದೆ. ಅರ್ಧ ರೈಲು ಅದರಲ್ಲಿ ಕಾಣುತ್ತಲೇ ಇರಲಿಲ್ಲ, ಕಂಡದ್ದಕ್ಕೆ ಅವರ ಶುಲ್ಕ ಬೇರೆ. ಈ ಸಲ ಆ ಆಸೆ ಬಿಟ್ಟೆ. ಗಡಿ ದಾಟುವ ರೈಲನ್ನು ಸಾಮಾನ್ಯವಾಗಿ ಎರಡೂ ದೇಶದ ರೈಲ್ವೆಗಳು ಮಾರುತ್ತವೆ, ಆದರೆ ಅದೇ ಬೋಗಿಗೆ ಇಬ್ಬರ ರೇಟೂ ಒಂದೇ ಇರಬೇಕು ಅಂತ ಏನಿಲ್ಲ. ಬರ್ಲಿನ್–ಪ್ರಾಗ್ ರೈಲಿಗೆ ಜರ್ಮನಿಯವರ ತಾಣದಲ್ಲಿ ತಲೆಗೆ 40 ಯೂರೋ ಹತ್ತಿರ ತೋರಿಸುತ್ತಿತ್ತು. ಅದೇ ದಿನ, ಅದೇ ರೈಲು, ಜೆಕ್ ರೈಲ್ವೆಯ ಚೆಸ್ಕೆ ದ್ರಾಹಿ ತಾಣದಲ್ಲಿ 22-23 ಯೂರೋ. ನಂಬಿಕೆ ಬರದೆ ರೈಲಿನ ನಂಬರನ್ನು ಮೂರು ಸಲ ಹೋಲಿಸಿ ನೋಡಿದೆ. ಭಾವನಿಗೆ ಸ್ಕ್ರೀನ್‌ಶಾಟ್ ಕಳಿಸಿದರೆ “ಅದು ಬೇರೆ ಕ್ಲಾಸ್ ಇರಬೇಕು ನೋಡಿ” ಅಂತ ಉತ್ತರ ಬಂತು. ಬೇರೆ ಕ್ಲಾಸ್ ಅಲ್ಲ. ಹೋಗುವ ದಿಕ್ಕು ತಿರುಗಿದರೆ ಕೆಲವೊಮ್ಮೆ ಯಾರು ಅಗ್ಗ ಅನ್ನೋದೂ ತಿರುಗುತ್ತದೆ, ಹಾಗಾಗಿ ಎರಡೂ ತುದಿಯಲ್ಲಿ ಕೇಳದೆ ದುಡ್ಡು ಕಟ್ಟುವುದಿಲ್ಲ.

ಹೀಗೆ ತುಂಡು ತುಂಡಾಗಿ ಕೊಂಡರೆ ಒಂದು ರೈಲು ತಡವಾಗಿ ಮುಂದಿನದು ತಪ್ಪಿದಾಗ ನಮ್ಮನ್ನು ಕೇಳುವವರಿಲ್ಲ ಅನ್ನೋದು ನಿಜ. ನಾವು ಪ್ರತಿ ಊರಲ್ಲೂ ಎರಡು ಮೂರು ರಾತ್ರಿ ಉಳಿಯುವವರು, ಆ ಭಯ ಇರಲಿಲ್ಲ. ಒಂದೇ ದಿನ ಮೂರು ರೈಲು ಬದಲಾಯಿಸುವವರು ಈ ದಾರಿ ಹಿಡಿಯಬೇಡಿ.

ವೀಸಾ ವಿಷಯಕ್ಕೆ ಈ ಸಲ ಮಾಡಿದ ಉಪಾಯ ಇದು. ವೀಸಾ ಬರುವ ಮುಂಚೆ ವಾಪಸ್ ಮಾಡಬಹುದಾದದ್ದನ್ನು ಮಾತ್ರ ಕೊಂಡೆ. ಪ್ರಾಗ್–ವಿಯೆನ್ನಾ ನಡುವೆ ಓಡುವ ರೆಜಿಯೋಜೆಟ್ ಹಳದಿ ರೈಲಿನ ಮಾಮೂಲಿ ಟಿಕೆಟನ್ನು ಹೊರಡುವುದಕ್ಕೆ 15 ನಿಮಿಷ ಇರುವ ತನಕ ರದ್ದು ಮಾಡಬಹುದಿತ್ತು, ಅದನ್ನು ಕಣ್ಣುಮುಚ್ಚಿ ಮೊದಲೇ ಹಾಕಿದೆ. ಆಮ್‌ಸ್ಟರ್‌ಡ್ಯಾಮ್–ಬರ್ಲಿನ್‌ಗೆ ಸೂಪರ್ ಬಿಟ್ಟು ಬರೀ ಸ್ಪಾರ್‌ಪ್ರೈಸ್ ತೆಗೆದೆ. ಐದಾರು ಯೂರೋ ಜಾಸ್ತಿ, ಆದರೆ ರದ್ದು ಮಾಡಿದರೆ 10 ಯೂರೋ ಹಿಡಿದು ಉಳಿದದ್ದಕ್ಕೆ ವೋಚರ್ ಕೊಡುತ್ತಾರೆ. ದೊಡ್ಡವರಿಗೆ ತಲೆಗೆ 45 ಯೂರೋ ಹತ್ತಿರ ಬಿತ್ತು, ಮಗಳಿಗೆ ದುಡ್ಡಿಲ್ಲ, ಬುಕ್ ಮಾಡುವಾಗಲೇ ಅವಳನ್ನೂ ಸೇರಿಸಬೇಕು ಅಷ್ಟೆ. ಅಲ್ಲಿ ಟಿಕೆಟ್ ಬೇರೆ, ಸೀಟು ಬೇರೆ ಅನ್ನೋದು ಅತ್ತೆಯವರಿಗೆ ಕೊನೆಗೂ ಅರ್ಥ ಆಗಲಿಲ್ಲ. “ಟಿಕೆಟ್ ಇದ್ದ ಮೇಲೆ ಸೀಟು ಇರಲೇಬೇಕಲ್ಲ ಅಳಿಯಂದ್ರೇ?” ಅಂತ ಕೇಳಿದರು. ನಮ್ಮ ಜನರಲ್ ಬೋಗಿಯನ್ನು ನೆನಪಿಸಿದ ಮೇಲೆ ಸುಮ್ಮನಾದರು. ವೀಸಾ ಅರ್ಜಿಗೆ ರೈಲಿನ ಟೈಮು, ನಂಬರು ಟೈಪ್ ಮಾಡಿದ ಒಂದು ಹಾಳೆ ಇಟ್ಟಿದ್ದೆ, ನಮ್ಮನ್ನು ಟಿಕೆಟ್ ಯಾರೂ ಕೇಳಲಿಲ್ಲ.

ನಿಜವಾದ ಯುದ್ಧ ನಡೆದದ್ದು ಕಾರ್ಡಿನ ಜೊತೆ. ಇಂಟರ್‌ನ್ಯಾಷನಲ್ ಸ್ವಿಚ್ ಆನ್ ಮಾಡಿಯೇ ಕೂತಿದ್ದೆ, ಅದು ನಿಮಗೆಲ್ಲ ಗೊತ್ತಿರುವ ವಿಷಯ. ಆದರೂ ಮೊದಲ ಬ್ಯಾಂಕಿನ ಕಾರ್ಡು ಎರಡು ಸಲ ಬಿದ್ದುಹೋಯಿತು. ಮೂರನೇ ಸಲ ಓಟಿಪಿ ಬಂತು, ಹಾಕಿದೆ, ಚಕ್ರ ತಿರುಗಿತು, ತಿರುಗಿತು, “ಸೆಷನ್ ಮುಗಿದಿದೆ” ಅಂತ ಬಂತು. ಟಿಕೆಟ್ ಇಲ್ಲ, ದುಡ್ಡು ಕಡಿತ! ಹನ್ನೊಂದು ದಿನ ಆದ ಮೇಲೆ ವಾಪಸ್ ಬಂದದ್ದು. ನನ್ನ ರೂಮಿನಲ್ಲಿ ಟವರ್ ಸರಿ ಇಲ್ಲ ಅಂತ ಆಮೇಲಿನ ಬುಕಿಂಗ್ ಎಲ್ಲ ತಾರಸಿ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡಿದೆ. ಬೇರೆ ಕಾರ್ಡಿನಲ್ಲಿ ಮೊದಲ ಏಟಿಗೇ ಆಯಿತು. ರೂಪಾಯಿಯಲ್ಲಿ ಕಟ್ಟುತ್ತೀರಾ, ಯೂರೋದಲ್ಲಾ ಅಂತ ಕೇಳಿದರೆ ಯೂರೋ ಅನ್ನಿ. ರೂಪಾಯಿ ಅಂದರೆ ಅವರು ಹಾಕುವ ರೇಟು ನೋಡಿ ಹೊಟ್ಟೆ ಉರಿಯುತ್ತದೆ.

ಇಲ್ಲಿ ಒಂದು ಅಡ್ಡ ಪ್ರಯೋಗ ಮಾಡಿದೆ. ಜೆಕ್ ತಾಣದಲ್ಲಿ ಅಲ್ಲಿನ ಹಣ ಕೊರುನಾದಲ್ಲಿ ಕಟ್ಟುವುದಿತ್ತು. ಕ್ರೆಡಿಟ್ ಕಾರ್ಡಿನಲ್ಲಿ ಇಬ್ಬರದು, ಯೂರೋ ತುಂಬಿದ ಫಾರೆಕ್ಸ್ ಕಾರ್ಡಿನಲ್ಲಿ ಉಳಿದವರದು ಕೊಂಡೆ. ಫಾರೆಕ್ಸ್ ಕಾರ್ಡು ಅಗ್ಗ ಬೀಳುತ್ತೆ ಅಂದುಕೊಂಡಿದ್ದೆ. ಯೂರೋದಿಂದ ಕೊರುನಾಕ್ಕೆ ತಿರುಗಿಸುವಾಗ ಅದು ಇನ್ನೊಂದು ಶುಲ್ಕ ನುಂಗಿತು, ಕೊನೆಗೆ ಎರಡೂ ಹೆಚ್ಚು ಕಡಿಮೆ ಒಂದೇ. ವಿದೇಶಿ ಹಣದಲ್ಲಿ ಕಟ್ಟಿದ್ದಕ್ಕೆ ಕ್ರೆಡಿಟ್ ಕಾರ್ಡಿನವರು ಹಾಕುವ ಮೂರೂವರೆ ಪರ್ಸೆಂಟು, ಅದರ ಮೇಲೆ ಜಿಎಸ್‌ಟಿ ಸೇರಿ ಒಟ್ಟು ಪ್ರವಾಸಕ್ಕೆ ಎರಡು ಸಾವಿರ ಹೋಗಿರಬಹುದು. ವಿಪಿಎನ್ ಹಾಕಿ ಜರ್ಮನಿಯಿಂದ ನೋಡಿದ ಹಾಗೆ ಮಾಡಿದರೆ ರೇಟು ಇಳಿಯುತ್ತೆ ಅಂತ ಆಫೀಸಿನಲ್ಲಿ ಒಬ್ಬ ಹುಡುಗ ಹೇಳಿದ್ದ. ಒಂದು ವಾರ ಬೆಳಿಗ್ಗೆ ಸಂಜೆ ಎರಡೂ ರೀತಿ ನೋಡಿದೆ. ಒಂದು ಸೆಂಟೂ ಇಳಿಯಲಿಲ್ಲ. ರೇಟು ಇಳಿಯುವ ದಾರಿ ಬೇರೆ ಒಂದಿದೆ, ವಾರದ ಯಾವ ದಿನ, ಯಾವ ಹೊತ್ತಿನ ರೈಲು ಅನ್ನೋದರ ಮೇಲೆ. ಎರಡು ಬೇಸಿಗೆ ಕೂತು ಎಕ್ಸೆಲ್‌ನಲ್ಲಿ ಬರೆದುಕೊಂಡದ್ದು, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಇನ್ನೂ ಒಂದು ಪ್ರವಾಸ ಬಾಕಿ ಇದೆ ನನಗೆ.

ವಿಯೆನ್ನಾ–ವೆನಿಸ್ ರಾತ್ರಿ ರೈಲು ನೈಟ್‌ಜೆಟ್ ಎಲ್ಲಕ್ಕಿಂತ ಸತಾಯಿಸಿತು. ಆಸ್ಟ್ರಿಯಾ ರೈಲ್ವೆಯವರ ಓಬಿಬಿ ತಾಣದಲ್ಲೇ ಕೊಳ್ಳಬೇಕು ಅಂತ ತೀರ್ಮಾನಿಸಿದ್ದೆ. ಹಳಿ ರಿಪೇರಿ ಕೆಲಸ ಇದ್ದರೆ ಆ ದಿನಗಳ ಬುಕಿಂಗ್ ತಡವಾಗಿ ತೆರೆಯುತ್ತದೆ. ಹಿಂದಿನ ವಾರ ಇದೆ, ಮುಂದಿನ ವಾರ ಇದೆ, ನಮ್ಮ ದಿನ ಮಾತ್ರ ಬೂದು ಬಣ್ಣ. ಮೂರು ವಾರ ದಿನಾ ಬೆಳಿಗ್ಗೆ ಕಾಫಿ ಲೋಟದ ಜೊತೆ ಅದನ್ನೇ ನೋಡುತ್ತಿದ್ದೆ. ತತ್ಕಾಲ್ ಆದರೆ ಹತ್ತು ಗಂಟೆ ಅಂತ ಗೊತ್ತಿರುತ್ತದೆ, ಇಲ್ಲಿ ಅದೂ ಗೊತ್ತಿಲ್ಲ. ರೈಲೇ ರದ್ದಾಗಿದೆ ಅಂದುಕೊಂಡು ವಿಮಾನಕ್ಕೆ ಓಡಬೇಡಿ. ನನ್ನ ಸ್ನೇಹಿತರೊಬ್ಬರು ಕ್ರಿಸ್‌ಮಸ್ ಪ್ರವಾಸಕ್ಕೆ ಹಾಗೇ ಮಾಡಿದರು. ಯುರೋಪಿನಾದ್ಯಂತ ವೇಳಾಪಟ್ಟಿ ಬದಲಾಗುವುದು ಡಿಸೆಂಬರ್ ಮಧ್ಯದ ಭಾನುವಾರ, ಅದರಾಚೆಯ ರೈಲುಗಳು ಎಷ್ಟೋ ಸಲ ತಡವಾಗಿ ಮಾರಾಟಕ್ಕೆ ಬರುತ್ತವೆ. ಅವರಿಗೆ ವಿಮಾನಕ್ಕೆ ದುಪ್ಪಟ್ಟು ಆಯಿತು.

ಒಂದು ಬೆಳಿಗ್ಗೆ ತೆರೆದಿತ್ತು. ಆ ಹೊತ್ತಿಗೆ ವೀಸಾ ಕೈಯಲ್ಲಿತ್ತು, ಹೆದರದೆ ವಾಪಸ್ ಬಾರದ ಸ್ಪಾರ್‌ಶೀನೆ ರೇಟು ಹಿಡಿದೆ. ನಾಲ್ಕು ಬರ್ತಿನ ಕೂಪೆ ಪೂರ್ತಿ ನಮಗೇ, ಎಲ್ಲರಿಗೂ ಸೇರಿ 260 ಯೂರೋ ಇರಬೇಕು. ದುಬಾರಿ ಅನ್ನಿಸಿದರೆ ಒಂದು ರಾತ್ರಿಯ ಹೋಟೆಲ್ ಬಾಡಿಗೆ ಕಳೆದು ನೋಡಿ.

ಹೆಸರಿನ ಫಜೀತಿ ನಮ್ಮ ಕಡೆಯವರಿಗೇ ಮೀಸಲು. ಅತ್ತೆಯವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಫಾರಂ ಖಾಲಿ ಬಿಡಲು ಒಪ್ಪುವುದಿಲ್ಲ, ಇನಿಷಿಯಲ್ ಹಾಕಿದರೆ ಒಂದೇ ಅಕ್ಷರ ಸಾಲದು ಅನ್ನುತ್ತದೆ. ಎರಡೂ ಕಡೆ ಅವರ ಹೆಸರನ್ನೇ ಹಾಕಿದೆ. ಬರ್ಲಿನ್ ರೈಲಿನಲ್ಲಿ ಟಿಟಿ ಪಾಸ್‌ಪೋರ್ಟ್ ಕೇಳಿ, ಟಿಕೆಟ್ ನೋಡಿ, ಮತ್ತೆ ಪಾಸ್‌ಪೋರ್ಟ್ ನೋಡಿದಾಗ ನನ್ನ ಬೆನ್ನಲ್ಲಿ ಬೆವರು. ಆತ ಅತ್ತೆಯವರನ್ನು ಅದೇ ಹೆಸರಿನಿಂದ ಎರಡು ಸಲ ಕರೆದು, ನಕ್ಕು, ಮುಂದೆ ಹೋದ.

ಬರ್ಲಿನ್–ಪ್ರಾಗ್‌ಗೆ ಸೀಟು ಆರಿಸುವಾಗ ಎಡಗಡೆ ಕಿಟಕಿ ಹಿಡಿಯಿರಿ. ಡ್ರೆಸ್ಡೆನ್ ದಾಟಿದ ಮೇಲೆ ಎಲ್ಬೆ ನದಿ ಆ ಕಡೆಗೇ ಅಂಟಿಕೊಂಡು ಬರುತ್ತದೆ. ಮಗಳು ಚಪಾತಿಗೆ ಚಟ್ನಿಪುಡಿ ಸುತ್ತಿಕೊಂಡು ಅದನ್ನು ತಿನ್ನುವುದನ್ನೂ ಮರೆತು ಕೂತಿದ್ದಳು. ನೈಟ್‌ಜೆಟ್ಟಿನಲ್ಲಿ ಬೆಳಿಗ್ಗೆ ಎರಡು ಬನ್ನು, ಬೆಣ್ಣೆ, ಜಾಮ್, ಕಾಫಿ ತಂದುಕೊಟ್ಟರು, ಕಾಫಿ ನಮ್ಮ ಲೆಕ್ಕಕ್ಕೆ ಕಷಾಯ. ಆಮೇಲೆ ರೈಲು ಸೇತುವೆ ಹತ್ತಿತು, ಎರಡೂ ಬದಿ ನೀರು, ಎದುರಿಗೆ ವೆನಿಸ್. ಸಾಂತಾ ಲೂಚಿಯಾ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಮೆಟ್ಟಿಲ ಕೆಳಗೇ ಕಾಲುವೆ. ಅಲ್ಲಿಂದಲೇ ಭಾವನಿಗೆ ಫೋಟೋ ಕಳಿಸಿದೆ, ಒಟ್ಟು ಖರ್ಚನ್ನೂ ಕೆಳಗೆ ಬರೆದು.

ಹೋದ ವಾರ ಅವರ ಮೆಸೇಜ್ ಬಂತು. ಮುಂದಿನ ಮೇ ತಿಂಗಳಿಗೆ ಐದು ಜನ, ಪ್ಯಾರಿಸ್‌ನಿಂದ ಶುರು, “ನೀವೇ ನೋಡಿಬಿಡಿ” ಅಂತ. ಜೊತೆಗೆ ಐದೂ ಪಾಸ್‌ಪೋರ್ಟಿನ ಕಾಪಿ. ಭಾವನದಕ್ಕೆ ಸರ್‌ನೇಮ್ ಇಲ್ಲ, ಹೆಸರಿನ ಹಿಂದೆ ಮೂರು ಇನಿಷಿಯಲ್ ಇದೆ.