ಕೂದಲೆಳೆಯಷ್ಟು ಚಾನೆಲ್‌ನಲ್ಲಿ ಎರಡು ದ್ರವ ಬೆರೆಸುವುದು ಹೇಗೆ?

ಹನಿ ನೀರಾವರಿ ಪೈಪನ್ನು ಉದ್ದಕ್ಕೆ ಸೀಳಿ ನೋಡಿದ್ದೀರಾ? ಕೋಲಾರದ ಟೊಮೆಟೊ ತೋಟಗಳ ಬದುವಿನಲ್ಲಿ ಹಳೇ ಪೈಪಿಗೇನೂ ಬರ ಇಲ್ಲ. ನೀರು ತೊಟ್ಟಿಕ್ಕುವ ಪ್ರತಿ ತೂತಿನ ಒಳಬದಿಗೆ ಒಂದು ಪ್ಲಾಸ್ಟಿಕ್ ತುಂಡು ಇರುತ್ತದೆ. ಅದರ ಮೇಲೆ ಗರಗಸದ ಹಲ್ಲಿನಂಥ ಅಂಕುಡೊಂಕು ದಾರಿ. ನಮ್ಮ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೈಕ್ರೋಫ್ಲೂಯಿಡಿಕ್ ಚಿಪ್ (ಕೂದಲೆಳೆಯಷ್ಟು ಸಣ್ಣ ಕಾಲುವೆ, ಅಂದರೆ ಚಾನೆಲ್ ಒಳಗೆ ದ್ರವ ಹರಿಸುವ ಬಿಲ್ಲೆ) ಮಾಡುವಾಗ ಅದೇ ಅಂಕುಡೊಂಕನ್ನು ಚಿಕ್ಕದಾಗಿ ಬರೆದು ತರುತ್ತಾರೆ. ತಿರುವು ಜಾಸ್ತಿ ಇದ್ದರೆ ದ್ರವ ಚೆನ್ನಾಗಿ ಬೆರೆಯುತ್ತದೆ ಅನ್ನುವುದು ಅವರ ನಂಬಿಕೆ. ಬೆರೆಯುವುದಿಲ್ಲ. ಇದನ್ನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ.

ಇದು ಬರೀ ಪ್ರಾಜೆಕ್ಟ್ ಅಂಕದ ಮಾತಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಅನ್ನುತ್ತದೆ ಭಾರತೀಯ ಮಾನಕ. ಚಿಪ್‌ನ ಒಂದು ಬಾಯಿಂದ ನೀರು, ಇನ್ನೊಂದರಿಂದ ಜಿರ್ಕೋನಿಯಂ ಸೇರಿಸಿದ ಕೆಂಪು ಬಣ್ಣದ ದ್ರಾವಣ ಬಿಡುತ್ತೇವೆ. ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಕೆಂಪು ಮಾಸುತ್ತದೆ. ಎರಡೂ ಸರಿಯಾಗಿ ಬೆರೆಯದಿದ್ದರೆ ಕೆಂಪು ಹಾಗೇ ಉಳಿಯುತ್ತದೆ. ಕೆಟ್ಟ ನೀರು ಒಳ್ಳೆಯ ನೀರು ಅಂತ ಪಾಸಾಗುತ್ತದೆ.

ಹಂತ 1: ಮೊದಲು ಲೆಕ್ಕ, ಆಮೇಲೆ ಚಿತ್ರ

200 ಮೈಕ್ರಾನ್ ಅಗಲ, 80 ಮೈಕ್ರಾನ್ ಎತ್ತರದ ಚಾನೆಲ್ ತಗೊಳ್ಳಿ (ಸಾವಿರ ಮೈಕ್ರಾನ್ ಅಂದರೆ ಒಂದು ಮಿ.ಮೀ.). ನಿಮಿಷಕ್ಕೆ ಸುಮಾರು 10 ಮೈಕ್ರೋಲೀಟರ್ ಬಿಟ್ಟರೆ ನೀರು ಸೆಕೆಂಡಿಗೆ 1 ಸೆಂ.ಮೀ. ಹರಿಯುತ್ತದೆ. ಅಲ್ಲಿ ರೆನಾಲ್ಡ್ಸ್ ಸಂಖ್ಯೆ, ಅಂದರೆ ಹರಿವಿನ ನುಗ್ಗುವ ಬಲ ದ್ರವದ ಅಂಟುತನಕ್ಕಿಂತ ಎಷ್ಟು ಪಟ್ಟು ಅನ್ನುವ ಲೆಕ್ಕ, ಬರೀ 1ರ ಆಸುಪಾಸು. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್‌ನ ಒಂದು ಚದರ ಮಿಲಿಮೀಟರ್ ದಾರಿಯಲ್ಲಿ ಅದು 1000 ದಾಟುತ್ತದೆ. ಡ್ರಿಪ್ಪರ್‌ನಲ್ಲಿ ನೀರು ಗೋಡೆಗೆ ಬಡಿದು ಸುಳಿ ಏಳುವುದು ಅದಕ್ಕೇ. ಚಿಪ್‌ನಲ್ಲಿ ಸುಳಿ ಏಳುವುದಿಲ್ಲ. ಎರಡು ದ್ರವಗಳೂ ಪಕ್ಕಪಕ್ಕದಲ್ಲೇ ತಿರುವು ದಾಟಿ ಹೋಗುತ್ತವೆ, ಒಂದರೊಳಗೆ ಒಂದು ನುಗ್ಗದೆ.

ಹಾಗಾದರೆ ಬೆರೆಸುವವರು ಯಾರು? ಅಣುಗಳು ತಾವಾಗಿಯೇ ಹರಡಿಕೊಳ್ಳಬೇಕು. ಸಣ್ಣ ಬಣ್ಣದ ಅಣುವಿಗೆ 100 ಮೈಕ್ರಾನ್ ದಾಟಲು ಸುಮಾರು 12 ಸೆಕೆಂಡ್ ಬೇಕು. ಅಂದರೆ 12 ಸೆಂ.ಮೀ. ಚಾನೆಲ್. ಆದರೆ ದೂರ ಅರ್ಧಕ್ಕಿಳಿದರೆ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ. ನಾವು ಹಿಡಿಯಬೇಕಾದ ಎಳೆ ಇದೇ. ಚಿರೋಟಿ ಮಾಡುವವರನ್ನು ನೋಡಿ. ಲಟ್ಟಿಸುತ್ತಾರೆ, ಸುತ್ತುತ್ತಾರೆ, ಮತ್ತೆ ಲಟ್ಟಿಸುತ್ತಾರೆ. ಪದರ ಹೆಚ್ಚುತ್ತಾ, ತೆಳ್ಳಗಾಗುತ್ತಾ ಹೋಗುತ್ತದೆ. ದ್ರವಕ್ಕೂ ಅದನ್ನೇ ಮಾಡಿಸಬೇಕು.

ಸುಮ್ನೆ ಚಾನೆಲ್ ಸಣ್ಣ ಮಾಡಿಬಿಟ್ಟರಾಯ್ತು ಅಂತ ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಬೇಡ. ಎತ್ತರ ಅರ್ಧ ಮಾಡಿದರೆ ಅಷ್ಟೇ ನೀರು ತಳ್ಳಲು ಸುಮಾರು ಎಂಟು ಪಟ್ಟು ಒತ್ತಡ ಬೇಕು. ಹೀಗೇ ಸಣ್ಣ ಮಾಡುತ್ತಾ ಹೋದರೆ ಚಿಪ್ ಅಂಟು ಬಿಡಬಹುದು.

ಹಂತ 2: ನೆಲಕ್ಕೆ ಗೀರು ಹಾಕಿ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

2002ರಲ್ಲಿ ವಿಜ್ಞಾನಿಗಳಾದ ಅಬ್ರಹಾಂ ಸ್ಟ್ರೂಕ್, ಜಾರ್ಜ್ ವೈಟ್‌ಸೈಡ್ಸ್ ಮತ್ತು ಸಂಗಡಿಗರು ಒಂದು ವಿನ್ಯಾಸ ಪ್ರಕಟಿಸಿದರು. ಚಾನೆಲ್ ನೇರವಾಗಿಯೇ ಇರುತ್ತದೆ. ಅದರ ನೆಲದ ಮೇಲೆ ಮೀನಿನ ಮುಳ್ಳಿನಂಥ ಓರೆ ಗೀರುಗಳು. ಗೀರಿಗೆ ಅಡ್ಡ ಹೋಗುವುದಕ್ಕಿಂತ ಗೀರಿನ ಉದ್ದಕ್ಕೆ ಜಾರುವುದು ದ್ರವಕ್ಕೆ ಸುಲಭ. ಹಾಗಾಗಿ ತಳದ ದ್ರವ ಪಕ್ಕಕ್ಕೆ ಸರಿಯುತ್ತದೆ, ಮೇಲಿನದು ವಾಪಸ್ ಬರುತ್ತದೆ. ಮುಂದೆ ಹರಿಯುತ್ತಲೇ ಹಗ್ಗ ಹೊಸೆದಂತೆ ಸುತ್ತಿಕೊಳ್ಳುತ್ತದೆ.

ನಾನು ಕೊಡುವ ಅಳತೆ ಇದು. ಗೀರು 50 ಮೈಕ್ರಾನ್ ಅಗಲ, ನಡುವೆ 50 ಮೈಕ್ರಾನ್ ಜಾಗ, ಓರೆ 45 ಡಿಗ್ರಿ. ಆಳ 20ರಿಂದ 25 ಮೈಕ್ರಾನ್, ಅಂದರೆ ಚಾನೆಲ್ ಎತ್ತರದ ಕಾಲು ಭಾಗಕ್ಕಿಂತ ಕಡಿಮೆ ಬೇಡ. ತೀರಾ ಮೇಲೆ ಕೆರೆದಂತಿದ್ದರೆ ದ್ರವಕ್ಕೆ ಗೀರು ಇರುವುದೇ ಗೊತ್ತಾಗುವುದಿಲ್ಲ.

ಮುಳ್ಳಿನ ತುದಿ, ಅಂದರೆ ಎರಡು ಓರೆ ಗೀರು ಕೂಡುವ ಮೂಲೆ, ಚಾನೆಲ್‌ನ ನಟ್ಟನಡುವೆ ಬರಲೇಬಾರದು. ಅಗಲವನ್ನು ಮೂರು ಪಾಲು ಮಾಡಿ, ಒಂದು ಕಡೆ ಒಂದು ಪಾಲು, ಇನ್ನೊಂದು ಕಡೆ ಎರಡು ಪಾಲು ಇರುವಂತೆ ತುದಿ ಇಡಿ. ಆಗ ಒಂದು ದೊಡ್ಡ ಸುತ್ತು, ಒಂದು ಚಿಕ್ಕ ಸುತ್ತು ಹುಟ್ಟುತ್ತವೆ. ಆರು ಗೀರು ಆದ ಮೇಲೆ ತುದಿಯನ್ನು ಆ ಕಡೆಯಿಂದ ಈ ಕಡೆಗೆ ಹಾಕಿ. ಮತ್ತೆ ಆರು. ಆಗ ದೊಡ್ಡ ಸುತ್ತಿನಲ್ಲಿದ್ದ ಒಂದಷ್ಟು ದ್ರವ ಚಿಕ್ಕದಕ್ಕೆ, ಚಿಕ್ಕದರದ್ದು ದೊಡ್ಡದಕ್ಕೆ ಸಿಕ್ಕಿಕೊಳ್ಳುತ್ತದೆ. ಮಡಿಕೆ ಬೀಳುವುದು ಇದರಿಂದಲೇ. ಈ ಅದಲುಬದಲು ಬಿಟ್ಟು ನೂರು ಗೀರು ಎಳೆದರೂ ದ್ರವ ಅಲ್ಲಲ್ಲೇ ಸುತ್ತುತ್ತಿರುತ್ತದೆ. ನನ್ನ ಮುಂದೆ ಬಂದ ಡ್ರಾಯಿಂಗ್‌ಗಳಲ್ಲಿ ಜಾಸ್ತಿ ಕಂಡ ತಪ್ಪು ಇದೇ: ಚಂದ ಕಾಣಲಿ ಅಂತ ಎಲ್ಲ ತುದಿಗಳನ್ನೂ ಮಧ್ಯಕ್ಕೆ ಜೋಡಿಸುವುದು.

ಆ ಕಡೆ ಆರು, ಈ ಕಡೆ ಆರು, ಹೀಗೆ ಹನ್ನೆರಡು ಗೀರಿನ ಒಂದು ಸರಣಿಗೆ 1.2 ಮಿ.ಮೀ. ಹದಿನೈದು ಸರಣಿ ಹಾಕಿದರೂ 2 ಸೆಂ.ಮೀ. ಒಳಗೆ ಮುಗಿಯುತ್ತದೆ. ವೇಗ ಹತ್ತು ಪಟ್ಟಾದರೆ ಬರೀ ಚಾನೆಲ್‌ಗೆ ಹತ್ತು ಪಟ್ಟು ಉದ್ದ ಬೇಕು. ಗೀರು ಇದ್ದರೆ ಒಂದಿಷ್ಟು ಮಾತ್ರ ಜಾಸ್ತಿ.

ಹಂತ 3: ಎರಕ ಹೊಯ್ಯಿರಿ

ಮೊದಲ ಪದರದಲ್ಲಿ ಚಾನೆಲ್, ಅದರ ಮೇಲೆ ಗೀರು ಇರುವ ಅಚ್ಚಿಗೆ ಸಿಲಿಕೋನ್ ಹೊಯ್ಯಬೇಕು. ಸಿಲಿಕೋನ್ ಹತ್ತಕ್ಕೆ ಒಂದು ಪಾಲು ಗಟ್ಟಿಕಾರಕ, ತೂಕದ ಲೆಕ್ಕದಲ್ಲಿ. ಗುಳ್ಳೆ ತೆಗೆದು 65 ಡಿಗ್ರಿಯಲ್ಲಿ 4 ಗಂಟೆ ಇಟ್ಟು, ಪ್ಲಾಸ್ಮಾ (ಅಯಾನುಗಳಾಗಿ ಒಡೆದ ಅನಿಲ) ಕೊಟ್ಟು ಗಾಜಿಗೆ ಅಂಟಿಸಿ.

ಬೋರ್ಡ್ ಮಾಡುವ ಅಂಗಡಿಯ ಲೇಸರ್‌ನಲ್ಲಿ ಅಕ್ರಿಲಿಕ್ ಮೇಲೆ ಕೊರೆಸಬಹುದಾ ಅಂತ ಕೇಳುತ್ತಾರೆ. ಆ ಕಿರಣದ ಗುರುತೇ 100 ಮೈಕ್ರಾನ್‌ಗಿಂತ ದಪ್ಪ, 50ರ ಗೀರು ಬರುವುದಿಲ್ಲ. ಎಲ್ಲ ಅಳತೆಯನ್ನೂ ಐದು ಪಟ್ಟು ಮಾಡಿದರೆ ಆಗುತ್ತದೆ. ಆದರೆ ಹರಡಲು 25 ಪಟ್ಟು ಸಮಯ ಹಿಡಿಯುವುದರಿಂದ ಗೀರಿನ ಸರಣಿಗಳನ್ನೂ ಹೆಚ್ಚಿಸಬೇಕು. ಅಗ್ಗದ ಡಬಲ್ ಸೈಡ್ ಟೇಪ್ ಮಾತ್ರ ಹಾಕಬೇಡಿ. ಅದರ ಅಂಟು ಒತ್ತಡಕ್ಕೆ ಉಬ್ಬಿ ಗೀರಿನೊಳಗೆ ಇಳಿದುಬಿಡುತ್ತದೆ.

ಹಂತ 4: ತುಂಬಿಸಿ

ಗೀರುಗಳಲ್ಲಿ ಗಾಳಿ ಕೂರುತ್ತದೆ. ಮೊದಲು ಈಥೈಲ್ ಆಲ್ಕೋಹಾಲ್ ಬಿಟ್ಟು, ಆಮೇಲೆ ನೀರು ಬಿಡಿ. ಪಂಪ್‌ಗೆ (ಸಿರಿಂಜನ್ನು ಮೋಟರ್‌ನಿಂದ ನಿಧಾನವಾಗಿ ತಳ್ಳುವ ಯಂತ್ರ) 1 ಎಂಎಲ್ ಸಿರಿಂಜ್ ಹಾಕಿ. 20 ಎಂಎಲ್‌ದು ಹಾಕಿದರೆ ಮೋಟರ್ ತಡೆತಡೆದು ತಳ್ಳುತ್ತದೆ, ಹರಿವು ಕುಕ್ಕುತ್ತದೆ.

ಹಂತ 5: ಬೆರೆತಿದೆಯಾ ನೋಡಿ

ಹಳದಿ, ನೀಲಿ ಅಡುಗೆ ಬಣ್ಣ ಬಿಟ್ಟು ಹಸಿರು ಕಂಡ ಕೂಡಲೇ ಖುಷಿಪಡಬೇಡಿ. ನೀವು ನೋಡುವುದು ಮೇಲಿನಿಂದ ಅಲ್ವಾ? ನೀಲಿ ಪದರದ ಕೆಳಗೆ ಹಳದಿ ಪದರ ಇದ್ದರೂ, ಒಂದಿಷ್ಟೂ ಬೆರೆಯದಿದ್ದರೂ, ಹಸಿರೇ ಕಾಣುತ್ತದೆ. ಒಂದು ಕಡೆ ಫಿನಾಲ್ಫ್ತಲೀನ್, ಇನ್ನೊಂದು ಕಡೆ ತೆಳು ಕಾಸ್ಟಿಕ್ ಸೋಡಾ ದ್ರಾವಣ ಬಿಡಿ. ಎರಡೂ ನಿಜವಾಗಿ ಸೇರಿದ ಕಡೆ ಮಾತ್ರ ಗುಲಾಬಿ ಬಣ್ಣ ಬರುತ್ತದೆ.

ಅಷ್ಟಕ್ಕೇ ನಿಲ್ಲಿಸಬೇಡಿ. ಕಾಸ್ಟಿಕ್‌ನ ಅಯಾನು ಕೆಂಪು ಬಣ್ಣದ ಅಣುವಿಗಿಂತ ತುಂಬಾ ಬೇಗ ಹರಡುತ್ತದೆ. ಆದ್ದರಿಂದ ಕೊನೆಗೆ ಒಂದು ಕಡೆ ನೀರು, ಇನ್ನೊಂದು ಕಡೆ ಜಿರ್ಕೋನಿಯಂನ ಕೆಂಪು ದ್ರಾವಣವನ್ನೇ ಹರಿಸಿ, ಹೊರಬಾಯಿಯ ಹತ್ತಿರ ಫೋಟೋ ತೆಗೆಯಿರಿ. ಆಮೇಲೆ ಅದೇ ನೀರು, ಅದೇ ದ್ರಾವಣ ಬೀಕರಿನಲ್ಲಿ ಕಲಕಿ, ಅದೇ ಚಿಪ್‌ಗೆ ತುಂಬಿ ಇನ್ನೊಂದು ಫೋಟೋ. ಚಾನೆಲ್‌ನ ಅಗಲಕ್ಕೂ ಎರಡೂ ಫೋಟೋದ ಬಣ್ಣ ಒಂದೇ ಬರುವ ತನಕ ಊರಿನ ಬೋರ್‌ವೆಲ್ ನೀರಿಗೆ ಈ ಚಿಪ್ ಬಳಸಬೇಡಿ.